ಸ್ಪೆಲಿಂಗ್ ತಪ್ಪಿದ ಡಾಕ್ಟರು

ಶನಿವಾರದ ಕನ್ನಡ ಶಾಲೆಯಿಂದ ಮಗಳು ಮುಖ ಊದಿಸಿಕೊಂಡು ಬಂದಳು. ಉಕ್ತಲೇಖನದಲ್ಲಿ ‘ಮಧುಮೇಹ’ ಅನ್ನುವುದನ್ನು ‘ಮದುಮೇಹ’ ಎಂದು ಬರೆದಿದ್ದಳು. ಅದರ ಕೆಳಗೆ ಕೆಂಪು ಗೆರೆ. “ಅಮ್ಮಾ, ನಂಗೆ ಸ್ಪೆಲಿಂಗೇ ಬರಲ್ಲ. ನಾನು ಹೆಂಗೆ ಡಾಕ್ಟರ್ ಆಗ್ಲಿ?” ಅಂತ ಕಣ್ಣಲ್ಲಿ ನೀರು.

ಒಂಬತ್ತು ವರ್ಷದ ಇವಳಿಗೆ ಡಾಕ್ಟರಾಗುವ ಆಸೆ ಹುಟ್ಟಿದ್ದು ಶಿವಮೊಗ್ಗದ ಅಜ್ಜನಿಂದ. ಭಾನುವಾರ ನಮ್ಮ ತಿಂಡಿಯ ಹೊತ್ತಿಗೆ ಅಲ್ಲಿ ರಾತ್ರಿ ಊಟ. ಊಟಕ್ಕೆ ಮುಂಚೆ ಅಪ್ಪ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಇವಳು ವಿಡಿಯೋ ಕಾಲ್‌ನಲ್ಲಿ ಕಣ್ಣರಳಿಸಿ ನೋಡುತ್ತಾಳೆ. “ನೋವಾಗಲ್ವಾ ಅಜ್ಜ?” ಅಂದರೆ ಅಪ್ಪ ನಗುತ್ತಾರೆ. “ಇಲ್ಲ ಪುಟ್ಟಿ. ಹೊಟ್ಟೆಯೊಳಗೆ ಒಂದು ಗ್ರಂಥಿ ಮುಷ್ಕರ ಹೂಡಿದೆ. ಅದರ ಕೆಲಸ ಈಗ ಸೂಜಿ ಮಾಡ್ತಿದೆ.”

ಅವತ್ತು ನಾನು ಮಗಳಿಗೆ ನಾವಿರುವ ಒಂಟಾರಿಯೊದ ಒಬ್ಬ ಡಾಕ್ಟರ ಕಥೆ ಹೇಳಿದೆ. ಅದನ್ನೇ ನಿಮಗೂ ಹೇಳುತ್ತೇನೆ. ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ‘ಡಾಕ್ಟರೋ, ಸೈಂಟಿಸ್ಟೋ’ ಎಂಬ ಮಾತು ಮಕ್ಕಳು ಐದನೇ ಕ್ಲಾಸಿಗೆ ಬರುವಷ್ಟರಲ್ಲೇ ಶುರುವಾಗಿರುತ್ತದೆ. ಎರಡೂ ಆಗಿರುವವರಿದ್ದಾರೆ. ವಾರದಲ್ಲಿ ಕೆಲವು ದಿನ ರೋಗಿಗಳನ್ನು ನೋಡಿ, ಉಳಿದ ದಿನ ಅದೇ ರೋಗದ ಬೆನ್ನು ಹತ್ತಿ ಲ್ಯಾಬಿನಲ್ಲಿ ಕೂರುವವರು. ನಾನು ಅವರ ಪೈಕಿ ಅಲ್ಲ, ಬರೀ ಪಿಎಚ್‌ಡಿ. ಆದರೂ ಊರಿನಿಂದ ಚಿಕ್ಕಮ್ಮ ಫೋನ್ ಮಾಡಿ ಮಂಡಿನೋವಿಗೆ ಮಾತ್ರೆ ಕೇಳುವುದು ತಪ್ಪಿಲ್ಲ!

ಆ ಡಾಕ್ಟರ ಹೆಸರು ಫ್ರೆಡರಿಕ್ ಬ್ಯಾಂಟಿಂಗ್. ಹುಟ್ಟಿದ್ದು 1891ರ ನವೆಂಬರ್ 14. ನಮಗೆ ಆ ತಾರೀಖು ಮಕ್ಕಳ ದಿನಾಚರಣೆ, ಜಗತ್ತಿಗೆಲ್ಲ ವಿಶ್ವ ಮಧುಮೇಹ ದಿನ. ಹಳ್ಳಿಯ ರೈತರ ಮನೆಯ ಹುಡುಗ. ಟೊರಾಂಟೊದಲ್ಲಿ ಕಾಲೇಜಿಗೆ ಸೇರಿ ಮೊದಲ ವರ್ಷವೇ ಫೇಲಾದ. ಆಮೇಲೆ ವೈದ್ಯಕೀಯಕ್ಕೆ ಬಂದು, ಮೊದಲ ಮಹಾಯುದ್ಧದಲ್ಲಿ ಸೇನಾ ವೈದ್ಯನಾಗಿ ಗಾಯಗೊಂಡು ಮರಳಿದ. 1920ರ ಜುಲೈನಲ್ಲಿ ಒಂಟಾರಿಯೊದ ಲಂಡನ್ ಊರಿನಲ್ಲಿ ಕ್ಲಿನಿಕ್ ತೆರೆದರೆ ಮೊದಲ ರೋಗಿ ಬರಲು ಸುಮಾರು ನಾಲ್ಕು ವಾರ ಬೇಕಾಯಿತು. ಮೊದಲ ತಿಂಗಳ ಸಂಪಾದನೆ 4 ಡಾಲರ್.

ಖರ್ಚಿಗೆ ಆಗಲಿ ಎಂದು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಲು ಒಪ್ಪಿಕೊಂಡರು. ಅಕ್ಟೋಬರ್ 30ರ ರಾತ್ರಿ ಪಾಠವೊಂದಕ್ಕೆ ತಯಾರಾಗುತ್ತ, ಮೇದೋಜ್ಜೀರಕ ಗ್ರಂಥಿಯಲ್ಲಿ ಕಲ್ಲಾದ ರೋಗಿಯ ಬಗ್ಗೆ ಒಂದು ಲೇಖನ ಓದಿದರು. ನಿದ್ದೆ ಬರಲಿಲ್ಲ. ನಡುರಾತ್ರಿ ಎದ್ದು ಪುಸ್ತಕದಲ್ಲಿ ನಾಲ್ಕು ಸಾಲು ಗೀಚಿದರು. ಅದರಲ್ಲಿ ‘ಡಯಾಬಿಟಿಸ್’ ಎಂಬ ಪದದ ಸ್ಪೆಲಿಂಗೇ ತಪ್ಪು! ಕೊನೆಯಲ್ಲಿ ‘ಇ’ ಬರಬೇಕಾದ ಕಡೆ ‘ಯು’ ಬರೆದಿದ್ದರು.

ಇಷ್ಟು ಹೇಳುವಾಗ ಮಗಳ ಅಳು ನಿಂತಿತ್ತು. “ಟೀಚರ್ ಬೈದ್ರಾ?” ಅಂದಳು.

ಆ ಸಾಲುಗಳ ವಿಷಯ ಇದು. ಮೇದೋಜ್ಜೀರಕ ಗ್ರಂಥಿಗೆ ಎರಡು ಕೆಲಸ. ಒಂದು, ಜೀರ್ಣರಸವನ್ನು ನಾಳದ ಮೂಲಕ ಕರುಳಿಗೆ ಕಳಿಸುವುದು. ಇನ್ನೊಂದು, ಅದರೊಳಗೆ ದ್ವೀಪಗಳಂತೆ ಚದುರಿರುವ ಪುಟ್ಟ ಜೀವಕೋಶದ ಗುಂಪುಗಳಿಂದ ಸಕ್ಕರೆಯನ್ನು ಹತೋಟಿಯಲ್ಲಿಡುವ ರಸವನ್ನು ರಕ್ತಕ್ಕೆ ಬಿಡುವುದು. ಈ ಗ್ರಂಥಿ ಊದಿ ವರ್ಷಗಟ್ಟಲೆ ಕಾಯಿಲೆ ಬಿದ್ದವರಿಗೆ ಎಷ್ಟೋ ಸಲ ಮಧುಮೇಹವೂ ಬರುವುದು ದ್ವೀಪಗಳೂ ಹಾಳಾಗುವುದರಿಂದ. ನಾಳವನ್ನು ಕಟ್ಟಿಬಿಟ್ಟರೆ ಜೀರ್ಣರಸದ ಭಾಗ ಒಣಗಿ ದ್ವೀಪಗಳು ಮಾತ್ರ ಉಳಿಯುತ್ತವೆ, ಅವುಗಳಿಂದ ಆ ರಸವನ್ನು ತೆಗೆಯಬಹುದು ಎಂಬುದು ಬ್ಯಾಂಟಿಂಗ್ ಅವರ ಊಹೆ.

ಟೊರಾಂಟೊದ ಪ್ರೊಫೆಸರ್ ಮ್ಯಾಕ್‌ಲಿಯಾಡ್‌ಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ಲ್ಯಾಬಿನಲ್ಲಿ ಜಾಗ, ಪ್ರಯೋಗಕ್ಕೆ ನಾಯಿಗಳು, ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿಯನ್ನು ಕೊಟ್ಟರು. 1921ರ ಮೇ ತಿಂಗಳಲ್ಲಿ ಕೆಲಸ ಶುರು. ಎಷ್ಟೋ ನಾಯಿಗಳು ಸತ್ತವು. ಇದನ್ನು ಮಗಳಿಂದ ಮುಚ್ಚಿಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು “ಪಾಪ” ಅಂದಳು. ನನಗೂ ಬೇರೆ ಮಾತು ಹೊಳೆಯಲಿಲ್ಲ.

1922ರ ಜನವರಿ 11. ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್. ತೂಕ 30 ಕೆಜಿಯೂ ಇಲ್ಲ. ಆಗ ಇಂಥ ಮಕ್ಕಳಿಗಿದ್ದ ಚಿಕಿತ್ಸೆ ಉಪವಾಸ ಹಾಕುವುದೊಂದೇ. ಅದರಿಂದ ಸಾವು ಸ್ವಲ್ಪ ಮುಂದೆ ಹೋಗುತ್ತಿತ್ತು, ಅಷ್ಟೆ. ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಸಕ್ಕರೆ ಅಲ್ಪಸ್ವಲ್ಪ ಇಳಿಯಿತು. ಆದರೆ ಔಷಧ ಶುದ್ಧವಿರಲಿಲ್ಲ, ಚುಚ್ಚಿದ ಜಾಗದಲ್ಲಿ ಬಾವು ಬಂತು. ನಿಲ್ಲಿಸಬೇಕಾಯಿತು.

ಜೇಮ್ಸ್ ಕಾಲಿಪ್ ಎಂಬ ಜೀವರಸಾಯನ ತಜ್ಞ ಹಗಲೂ ರಾತ್ರಿ ಕೂತು ಅದನ್ನು ಶುದ್ಧಗೊಳಿಸಿದರು. ಈ ನಡುವೆ ತಂಡದೊಳಗೆ ಜಗಳವೂ ಆಯಿತು. ಜನವರಿ 23ರಂದು ಹೊಸ ಔಷಧ ಕೊಟ್ಟಾಗ ಹುಡುಗನ ಸಕ್ಕರೆ ಇಳಿಯಿತು, ಕಣ್ಣಲ್ಲಿ ಕಳೆ ಬಂತು. ಅವನು ಇನ್ನೂ 13 ವರ್ಷ ಬದುಕಿದ.

ಮರುವರ್ಷ ಬ್ಯಾಂಟಿಂಗ್‌ಗೂ ಮ್ಯಾಕ್‌ಲಿಯಾಡ್‌ಗೂ ನೊಬೆಲ್ ಬಂತು. ಬ್ಯಾಂಟಿಂಗ್ ತಮ್ಮ ಹಣದಲ್ಲಿ ಅರ್ಧವನ್ನು ಬೆಸ್ಟ್‌ಗೆ, ಮ್ಯಾಕ್‌ಲಿಯಾಡ್ ತಮ್ಮದರಲ್ಲಿ ಅರ್ಧವನ್ನು ಕಾಲಿಪ್‌ಗೆ ಕೊಟ್ಟರು. ಪೇಟೆಂಟ್ ಹಕ್ಕು ವಿಶ್ವವಿದ್ಯಾಲಯಕ್ಕೆ ಹೋದದ್ದು ತಲಾ 1 ಡಾಲರಿಗೆ. ಇನ್ನೊಂದು ಮಾತು: ನಾಳ ಕಟ್ಟುವ ಅಗತ್ಯವೇ ಇರಲಿಲ್ಲವೆಂದು ಕೆಲಸ ಮಾಡುತ್ತ ಅವರಿಗೇ ತಿಳಿಯಿತು. ಕಸಾಯಿಖಾನೆಯಿಂದ ತಂದ ದನದ ಗ್ರಂಥಿಯಿಂದಲೂ ರಸ ಸಿಕ್ಕಿತು. ಆ ನಡುರಾತ್ರಿಯ ಊಹೆಯಲ್ಲಿ ಸ್ಪೆಲಿಂಗ್ ಒಂದೇ ತಪ್ಪಿದ್ದಲ್ಲ.

ಈ ಕಥೆಯಲ್ಲಿ ನನ್ನನ್ನು ಕಾಡುವುದು ನೊಬೆಲ್ ಅಲ್ಲ, ಜನವರಿ 11ರಿಂದ 23ರವರೆಗಿನ ಹನ್ನೆರಡು ದಿನ. ರೋಗಿಯ ಕಣ್ಣೆದುರೇ ಸೋತು, ಲ್ಯಾಬಿಗೆ ಹಿಂತಿರುಗಿ, ಬೇರೆಯವರ ಸಹಾಯ ಪಡೆದು ಮತ್ತೆ ಅದೇ ಹಾಸಿಗೆಯ ಬಳಿ ಬರುವುದು. ವೈದ್ಯ-ವಿಜ್ಞಾನಿಯ ಕೆಲಸ ಅಂದರೆ ಬಹುಮಟ್ಟಿಗೆ ಇದೇ. ಇವತ್ತು ಇಲ್ಲಿ ಆ ದಾರಿ ಹಿಡಿಯುವವರು ಎಂಡಿ, ಪಿಎಚ್‌ಡಿ ಎರಡನ್ನೂ ಸೇರಿಸಿ ಸಾಮಾನ್ಯವಾಗಿ ಏಳೆಂಟು ವರ್ಷ ಓದುತ್ತಾರೆ. ಆಮೇಲೆ ತಜ್ಞರಾಗಲು ಮತ್ತಷ್ಟು ವರ್ಷ. ಅಷ್ಟು ಕಾಲವನ್ನು ಅಂಕಪಟ್ಟಿಯ ಬಲದಿಂದ ಮಾತ್ರ ದಾಟಲಾಗದು.

ಇದು ನನಗೆ ಗೊತ್ತಾಗಿದ್ದು ತಡವಾಗಿ. ಪಿಎಚ್‌ಡಿ ಮೂರನೇ ವರ್ಷದಲ್ಲಿ ನನ್ನ ಹದಿನಾಲ್ಕು ತಿಂಗಳ ಕೆಲಸ ಎರಡನೇ ಸಲ ಮಾಡಿ ನೋಡಿದಾಗ ನಿಲ್ಲಲಿಲ್ಲ. ಶಾಲೆಯಿಡೀ ರ‍್ಯಾಂಕ್ ತೆಗೆದವಳು ನಾನು. ಅಪ್ಪನಿಗೆ ಹೇಳಲು ಮೂರು ತಿಂಗಳು ಹಿಡಿಯಿತು. ಹೇಳಿದಾಗ ಅವರು ಕೇಳಿದ್ದು ಒಂದೇ: “ಊಟ ಮಾಡ್ತಿದೀಯಾ ತಾನೆ?” ಇದೇ ಮಾತನ್ನು ಅವರು ಎಸ್ಎಸ್ಎಲ್‌ಸಿ ಹೊತ್ತಿನಲ್ಲಿ ಕೇಳಿದ್ದರೆ ನಾನು ಮೂರು ತಿಂಗಳು ಬಚ್ಚಿಡುತ್ತಿರಲಿಲ್ಲವೇನೋ. ಕೆಂಪು ಗೆರೆ ಹಾಕಿಸಿಕೊಂಡು ಬಂದ ಮಗುವಿಗೆ ನಾವು ಮೊದಲು ಏನು ಹೇಳುತ್ತೇವೆ ಎಂಬುದು ಅದಕ್ಕೇ ಮುಖ್ಯ.

ಈ ತಿಂಗಳು ಮನೆಯಲ್ಲಿ ಮಾಡಿ ನೋಡಿ:

ಪದ: ‘ಇನ್ಸುಲಿನ್’ ಬಂದಿದ್ದು ಲ್ಯಾಟಿನ್ನಿನ ‘ಇನ್ಸುಲಾ’ದಿಂದ. ಹಾಗೆಂದರೆ ದ್ವೀಪ. ಮಕ್ಕಳ ಕೈಲಿ ಗ್ರಂಥಿಯ ಚಿತ್ರ ಬರೆಸಿ, ಒಳಗೆ ದ್ವೀಪಗಳನ್ನು ಇಡಿಸಿ, ಹೆಸರು ಕನ್ನಡದಲ್ಲಿ ಬರೆಸಿ. ಮದು, ಮಧು ಎರಡನ್ನೂ ಜೋರಾಗಿ ಹೇಳಿಸಿ.

ಮಾತು: ‘ಸಕ್ಕರೆ ಕಾಯಿಲೆ’ ಎಂಬ ಹೆಸರು ಕೇಳಿ, ಸಕ್ಕರೆ ತಿಂದವರಿಗೇ ಅದು ಬರುತ್ತದೆಂದು ಮಕ್ಕಳು ತಿಳಿಯುತ್ತಾರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಟೈಪ್ 1 ಸಿಹಿ ತಿಂದಿದ್ದಕ್ಕೆ ಬರುವುದಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಆ ದ್ವೀಪಗಳ ಮೇಲೆ ಬೀಳುವುದರಿಂದ ಬರುತ್ತದೆ. ಅಂಥ ಮಗುವಿನ ತಾಯಿಯನ್ನು “ಏನು ತಿನ್ನಿಸಿದ್ರಿ?” ಎಂದು ದಯವಿಟ್ಟು ನಾವೂ ಕೇಳಬಾರದು.

ಭಾನುವಾರ ಅಜ್ಜನಿಗೆ ಮಗಳು ಚಿತ್ರ ತೋರಿಸಿದಳು. “ಅಜ್ಜ, ನಿಮ್ಮ ದ್ವೀಪಗಳು ಸ್ಟ್ರೈಕ್ ಮಾಡ್ತಿವೆ.” ಅಪ್ಪ ಕನ್ನಡಕ ಏರಿಸಿ ನೋಡಿದರು. “ಮುಷ್ಕರ ಅನ್ನು ಪುಟ್ಟಿ,” ಅಂದರು. ಅವಳು ಪೆನ್ಸಿಲ್ ತೆಗೆದು ಬರೆದಳು. ‘ಷ’ ಸರಿಯಾಗಿತ್ತು. ‘ಮಧುಮೇಹ’ ಮಾತ್ರ ಇನ್ನೂ ‘ಮದುಮೇಹ’ವೇ. ಅಪ್ಪ ಅದನ್ನು ನೋಡಿಯೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಮುಂದಿನ ಶನಿವಾರ ಇದ್ದೇ ಇದೆಯಲ್ಲ.