ಮಗನಿಗೆ ಇಲಿ ಬೇಕಂತೆ, ಏನು ಮಾಡಲಿ?

ರಾಯಬಾಗದ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಸಂಕ್ರಾಂತಿಯ ಹೊತ್ತಿಗೆ ಕೊಲ್ಹಾಪುರಕ್ಕೆ ಮಹಾಲಕ್ಷ್ಮಿಯ ದರ್ಶನಕ್ಕೆಂದು ಹೋದಾಗ, ಐದನೇ ಇಯತ್ತೆಯಲ್ಲಿ ಓದುವ ಅವರ ಮಗ ಒಂದು ಅಂಗಡಿಯಲ್ಲಿ ಚಕ್ರ ತಿರುಗಿಸುವ ಹ್ಯಾಮ್‌ಸ್ಟರ್ ನೋಡಿದನಂತೆ. ಅಂದಿನಿಂದ ಕೂತರೂ ಅದೇ ಮಾತು, ನಿಂತರೂ ಅದೇ ಮಾತು. "ನಾಯಿ ಸಾಕಲು ಜಾಗವಿಲ್ಲ. ಬೆಕ್ಕು ಅತ್ತೆಯವರಿಗೆ ಆಗುವುದಿಲ್ಲ. ಇದಾದರೆ ಅಂಗೈಯಷ್ಟು. ಕೊಡಿಸಲೇ, ಬೇಡವೇ? ಕೊಡಿಸುವುದಾದರೆ ಯಾವುದು ಒಳ್ಳೆಯದು?" ಎಂದು ಕೇಳಿದ್ದಾರೆ.

ಸೋದರೀ, ನಿಮ್ಮ ಪತ್ರ ಓದಿ ಒಂದು ಗಳಿಗೆ ಸುಮ್ಮನೆ ಕೂತೆ. ಈ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದವಳು. ಅದನ್ನು ಹೇಳಿಯೇ ನಿಮಗೆ ಉತ್ತರ ಕೊಡಬೇಕು.

ನಮ್ಮ ಸಣ್ಣ ಮಗನೂ ಒಂಬತ್ತು ವರ್ಷದವನಿದ್ದಾಗ ಹೀಗೇ ಹಟ ಹಿಡಿದ. ನಮ್ಮ ಅತ್ತೆಯವರು, "ಬ್ಯಾಸಗಿ ಬಂತಂದ್ರ ಇಲಿ ಬೋನಿಗೆ ರೊಕ್ಕ ಕೊಡತೀರಿ, ಈಗ ಇಲಿಗೂ ರೊಕ್ಕ ಕೊಡತೀರೇನ?" ಎಂದು ನಕ್ಕರು. ಅವರ ಮಾತೂ ಖರೇ. ಗಣಪತಿಯ ವಾಹನವೆಂದು ಕೈ ಮುಗಿಯುತ್ತೇವೆ, ಇಲಿವಾರ ಮಾಡಿ ಎಡೆ ಇಡುವ ಮನೆಗಳೂ ನಮ್ಮ ಕಡೆ ಉಂಟು, ಮರುದಿನ ಜೋಳದ ಚೀಲ ಕಡಿದರೆ ಅದೇ ವಾಹನದ ಮೇಲೆ ಪೊರಕೆ ಎತ್ತುತ್ತೇವೆ. ಕೊನೆಗೆ ಮನೆಯವರು ಫೆಬ್ರವರಿ ತಿಂಗಳಲ್ಲಿ ಒಂದು ಹ್ಯಾಮ್‌ಸ್ಟರ್ ತಂದರು. ಬಂಗಾರದ ಬಣ್ಣ, ಕೆನ್ನೆಯಲ್ಲಿ ಎರಡು ಚೀಲ. ಶೇಂಗಾ ಕಾಳನ್ನು ಕೆನ್ನೆಗೆ ತುಂಬಿಕೊಂಡು ಓಡಿ ಮೂಲೆಯಲ್ಲಿ ಬಚ್ಚಿಡುವುದನ್ನು ನೋಡಿದರೆ ನಮ್ಮ ಪೈಕಿಯ ಒಬ್ಬ ಅಜ್ಜಿಯ ನೆನಪಾಗುತ್ತಿತ್ತು.

ಅತ್ತೆಯವರಿಗೆ ಅದು ಪಡಸಾಲೆಯಲ್ಲಿ ಬೇಡವಾಯಿತು. ಸರಿ, ಮೇಲಿನ ತಗಡಿನ ಖೋಲಿಯಲ್ಲಿ ಇಟ್ಟೆ. ಮಾರ್ಚ್ ಹೇಗೋ ಕಳೆಯಿತು. ಏಪ್ರಿಲ್‌ನಲ್ಲಿ ಅಥಣಿಯಲ್ಲಿ ಒಂದು ಲಗ್ನ. ಬೆಳಿಗ್ಗೆ ನೀರು, ಕಾಳು ಎಲ್ಲ ಇಟ್ಟು ಬಾಗಿಲು ಹಾಕಿಕೊಂಡು ಹೋದೆವು. ಸಂಜೆ ಮೊದಲು ಮೇಲೆ ಹತ್ತಿದವಳು ನಾನೇ. ಬಾಗಿಲು ತೆಗೆದರೆ ಒಲೆಯ ಬಾಯಿ ತೆಗೆದ ಹಾಗೆ ಬಿಸಿ. ಅದು ಹೊಟ್ಟೆ ನೆಲಕ್ಕೆ ಹಚ್ಚಿ, ಕಾಲು ಚಾಚಿ ಬಿದ್ದಿತ್ತು. ಬಾಯಿಯ ಸುತ್ತ ಕೂದಲು ಒದ್ದೆ. ಉಸಿರು ಇರಲಿಲ್ಲ.

ಈ ಬಂಗಾರದ ಹ್ಯಾಮ್‌ಸ್ಟರ್ ಸಿರಿಯಾ ದೇಶದ್ದು. 1930ರಲ್ಲಿ ಅಲೆಪ್ಪೊ ಎಂಬ ಊರಿನ ಹತ್ತಿರ ಹೊಲ ಅಗೆದು ಹಿಡಿದ ಒಂದು ತಾಯಿಯ ಮರಿಗಳಿಂದಲೇ ಇಂದು ಲೋಕದ ತುಂಬ ಸಾಕುವ ಈ ಜಾತಿ ಬೆಳೆದದ್ದು. ಬಿಸಿಲ ನಾಡಿನ ಪ್ರಾಣಿ, ಬಿಸಿಲು ತಡೆದೀತು ಅಂತ ನಾನೂ ತಿಳಿದಿದ್ದೆ. ಆದರೆ ಅಲ್ಲಿ ಅದು ಸುಡುವ ಬಿಸಿಲಿನ ಹೊತ್ತನ್ನು ನೆಲದೊಳಗೆ ಆಳವಾದ ತಂಪು ಬಿಲದಲ್ಲಿ ಕಳೆಯುತ್ತದೆ. ತಗಡಿನ ಕೆಳಗೆ ಪಂಜರದಲ್ಲಿಟ್ಟರೆ ಬಿಲ ಎಲ್ಲಿಂದ ತರಬೇಕು?

ಮಗ ಇನ್ನೂ ಕೆಳಗೆ ಚಪ್ಪಲಿ ಬಿಡುತ್ತಿದ್ದ. ನಾನು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋಗಿ ಕರಿಬೇವಿನ ಬುಡದಲ್ಲಿ ಮಣ್ಣು ಮಾಡಿದೆ. "ಪಂಜರದ ಬಾಗಲಾ ತಗದಿತ್ತಪಾ, ಹೊಲದ ಕಡೆ ಹೋಗೇತಿ" ಎಂದುಬಿಟ್ಟೆ. ಅಳುವ ಮಗುವಿಗೆ ಸಾವು ಯಾಕೆ ತೋರಿಸಬೇಕು ಎಂಬ ಲೆಕ್ಕ ನನ್ನದು.

ಅವನು ಅಳಲೂ ಇಲ್ಲ. ದಿನಾ ಸಂಜೆ ಚೊಣ್ಣದ ಕಿಸೆಯಲ್ಲಿ ಶೇಂಗಾ ತುಂಬಿಕೊಂಡು ಹೋಗಿ ಕಬ್ಬಿನ ಹೊಲದ ಬದುವಿನ ಮೇಲೆ ಇಟ್ಟು ಬರುತ್ತಿದ್ದ. ಬೆಳಿಗ್ಗೆ ಹೋಗಿ ನೋಡಿದರೆ ಕಾಳು ಇರುತ್ತಿರಲಿಲ್ಲ. ಹೊಲದ ಇಲಿಯೋ ಇಣಚಿಯೋ ತಿಂದಿರುತ್ತಿತ್ತು. "ಬಂದಿತ್ತವ್ವಾ, ತಿಂದ ಹೋಗೇತಿ" ಎಂದು ಖುಷಿಪಡುತ್ತಿದ್ದ. ಅಯ್ಯೋ, ಆ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ಎಂಟನೆಯ ದಿನ ಕತ್ತಲಾದರೂ ಹುಡುಗ ಇಲ್ಲ. ಹೋಗಿ ನೋಡಿದರೆ ಬ್ಯಾಟರಿ ಹಿಡಿದು ಕಬ್ಬಿನ ಒಳಗೇ ಹೊಕ್ಕಿದ್ದಾನೆ. ಕಬ್ಬಿನಲ್ಲಿ ಏನೇನು ಹರಿದಾಡುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ರಟ್ಟೆ ಹಿಡಿದು ಎಳೆದು ತಂದು, ಅಲ್ಲೇ ಬದುವಿನ ಮೇಲೆ ಎಲ್ಲ ಹೇಳಿದೆ.

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾರ ದಿನಾ ನನ್ನ ಕಿಸೇದಾಗ ಶೇಂಗಾ ಹಾಕಿ ಕಳಸೂವಾಗ ನಿನಗ ಗೊತ್ತಿತ್ತಲ್ಲಾ?" ಎಂದ.

ಇದಕ್ಕೆ ಏನು ಉತ್ತರ ಕೊಡುತ್ತೀರಿ? ನನಗಂತೂ ಹೊಳೆಯಲಿಲ್ಲ.

ಇರಲಿ. ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹ್ಯಾಮ್‌ಸ್ಟರ್ ಮಕ್ಕಳಿಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಬಿಸಿಲು ಒಂದೇ ಕಾರಣವಲ್ಲ. ಅದು ರಾತ್ರಿಯ ಪ್ರಾಣಿ. ಮಗು ಶಾಲೆಯಿಂದ ಬಂದು ಆಡಬೇಕೆಂದಾಗ ಅದು ಗಾಢ ನಿದ್ದೆಯಲ್ಲಿ. ಎಬ್ಬಿಸಿದರೆ ಕಚ್ಚುತ್ತದೆ, ಅದರದೇನು ತಪ್ಪು, ನಮ್ಮನ್ನು ನಡುರಾತ್ರಿ ಎಬ್ಬಿಸಿದರೆ ನಾವೂ ಸಿಡುಕುತ್ತೇವೆ. ಎಲ್ಲರೂ ಮಲಗಿದ ಮೇಲೆ ಗರಗರ ಚಕ್ರ ತಿರುಗಿಸುತ್ತದೆ. ಜೋಡಿ ಇರಲಿ ಎಂದು ಎರಡು ತಂದಿರೋ, ಬಂಗಾರದ ಬಣ್ಣದವು ಕಾದಾಡಿ ಒಂದನ್ನೊಂದು ಕೊಲ್ಲುತ್ತವೆ. ಆಯುಷ್ಯ ಎರಡು ವರ್ಷ, ಹೆಚ್ಚೆಂದರೆ ಮೂರು.

ಬಿಳಿ ಇಲಿ ನಿಜವಾಗಿ ಜಾಣ ಪ್ರಾಣಿ. ಹೆಸರು ಹಿಡಿದು ಕರೆದರೆ ಬರುತ್ತದೆ, ಹೆಗಲ ಮೇಲೆ ಕೂರುತ್ತದೆ. ಅದರ ಆಯುಷ್ಯವೂ ಎರಡು-ಮೂರು ವರ್ಷ. ಆದರೆ ಗಂಡು-ಹೆಣ್ಣು ಕೂಡಿದರೆ ಇಪ್ಪತ್ತೆರಡು-ಇಪ್ಪತ್ತಮೂರು ದಿನಕ್ಕೆ ಹತ್ತು-ಹನ್ನೆರಡು ಮರಿ. ಅತ್ತೆಯವರಿರುವ ಮನೆಗೆ ಇದನ್ನು ತರುವ ಧೈರ್ಯ ನನಗಿಲ್ಲ. ಇನ್ನು ಗಿಡದಿಂದ ಬಿದ್ದ ಇಣಚಿ ಮರಿಯನ್ನು ಹುಡುಗರು ಎತ್ತಿಕೊಂಡು ಬರುತ್ತಾರೆ. ಅದು ಕಾಡುಜೀವಿ, ಸಾಕುವ ಪ್ರಾಣಿ ಅಲ್ಲ. ಗಾಯವಾಗಿರದಿದ್ದರೆ ಬೆಕ್ಕು ಮುಟ್ಟದ ಎತ್ತರದಲ್ಲಿ ಅದೇ ಗಿಡದ ಹತ್ತಿರ ಒಂದು ಬುಟ್ಟಿಯಲ್ಲಿ ಇಟ್ಟು ದೂರ ನಿಲ್ಲಿ. ಎಷ್ಟೋ ಸಲ ತಾಯಿ ಬಂದು ಬಾಯಲ್ಲಿ ಕಚ್ಚಿಕೊಂಡು ಒಯ್ಯುತ್ತದೆ. ಮೊಲ ಚೆಂದ, ಆದರೆ ಅದು ಇಲಿಯ ಜಾತಿಯೇ ಅಲ್ಲ, ಜಾಗವೂ ಜಾಸ್ತಿ ಬೇಕು. ಅದರ ಮಾತು ಇನ್ನೊಮ್ಮೆ.

ಉಳಿದದ್ದು ಗಿನಿಪಿಗ್. ಹೆಸರು ಕೇಳಿ ಹಂದಿ ಎಂದು ಹೆದರಬೇಡಿ. ಅದು ಹಂದಿಯೂ ಅಲ್ಲ, ಗಿನಿ ದೇಶದ್ದೂ ಅಲ್ಲ. ದಕ್ಷಿಣ ಅಮೆರಿಕದ ಬೆಟ್ಟದ ನಾಡಿನದು. ಅಲ್ಲಿಯ ಜನ ಸಾವಿರಾರು ವರ್ಷಗಳಿಂದ ಅಡಿಗೆಮನೆಯ ಮೂಲೆಯಲ್ಲಿ ಸಾಕುತ್ತ ಬಂದಿದ್ದಾರೆ, ತಿನ್ನುವುದಕ್ಕೆ! (ಇದನ್ನು ಮಗನಿಗೆ ಹೇಳಬೇಡಿ.) ಮುಕ್ಕಾಲು ಕಿಲೋದಿಂದ ಒಂದು ಕಿಲೋ ತೂಕ, ಆದ್ದರಿಂದ ಮಗುವಿನ ಬೆರಳ ಸಂದಿಯಿಂದ ಜಾರಿ ಬೀರುವಿನ ಹಿಂದೆ ಹೋಗುವ ಭಯವಿಲ್ಲ. ಹಗಲೂ ಎಚ್ಚರವಿರುತ್ತದೆ. ಕಚ್ಚುವುದು ಅಪರೂಪ. ಐದರಿಂದ ಏಳು ವರ್ಷ ಬದುಕುತ್ತದೆ. ಐದನೇ ಇಯತ್ತೆಯ ನಿಮ್ಮ ಮಗ ಹತ್ತನೇ ಇಯತ್ತೆಯ ಪರೀಕ್ಷೆಗೆ ಓದುವಾಗಲೂ ಅದಕ್ಕೆ ಹುಲ್ಲು ಹಾಕಬೇಕು, ಇದನ್ನು ಈಗಲೇ ಅವನಿಗೆ ಹೇಳಿ.

ನಮ್ಮಲ್ಲಿ ಮರುವರ್ಷ ಮಳೆಗಾಲ ಮುಗಿದ ಮೇಲೆ ಎರಡು ಬಂದವು. ಒಂಟಿಯಾಗಿದ್ದರೆ ಅವು ಕೊರಗುತ್ತವೆ, ಎರಡು ಇರಬೇಕು, ಎರಡೂ ಹೆಣ್ಣಾದರೆ ಮೇಲು. ಅಂಗಡಿಯವನು "ಎರಡೂ ಹೆಣ್ಣು" ಎಂದೇ ಕೊಟ್ಟ. ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆಯವರು, "ಇಲ್ಲಿ ಬಾರವಾ, ಎರಡು ಇದ್ದದ್ದು ಐದ ಆಗ್ಯಾವು" ಎಂದು ಕೂಗಿದರು. ಇವುಗಳ ಬಸಿರು ಸುಮಾರು ಎರಡು ತಿಂಗಳದು. ಅದಕ್ಕೇ ಮರಿಗಳು ಇಲಿ ಮರಿಯ ಹಾಗೆ ಬೆತ್ತಲೆ, ಕುರುಡು ಇರುವುದಿಲ್ಲ; ಮೈತುಂಬ ಕೂದಲು, ಕಣ್ಣು ತೆರೆದು, ಹುಟ್ಟಿದ ದಿನವೇ ಓಡಾಡುತ್ತವೆ. ಚೆಂದವೇನೋ ಚೆಂದ. ಆದರೆ ಹಡೆದ ಕೆಲವೇ ತಾಸಿನಲ್ಲಿ ತಾಯಿ ಮತ್ತೆ ಬಸಿರಾಗಬಲ್ಲದು, ಗಂಡನ್ನು ಅಂದೇ ಬೇರೆ ಇಡಬೇಕು. ಗಂಡು ಮರಿಗಳನ್ನು ಮೂರು ವಾರಕ್ಕೆ ಬೇರೆ ಮಾಡಬೇಕು. ನಿಮಗೆ ಈ ಪರದಾಟ ಬೇಡವಾದರೆ, ಗೊತ್ತಿದ್ದವರಿಗೆ ತೋರಿಸಿ ಹೆಣ್ಣೋ ಗಂಡೋ ಖಾತ್ರಿ ಮಾಡಿಕೊಂಡೇ ತನ್ನಿ. 2018ರ ನಿಯಮದ ಪ್ರಕಾರ ಪ್ರಾಣಿ ಮಾರುವ ಅಂಗಡಿ ನೋಂದಣಿ ಮಾಡಿಸಿರಬೇಕು. ಕೇಳಿ, ಸಂಕೋಚ ಬೇಡ.

ಊಟದ ವಿಷಯದಲ್ಲಿ ನಾವು ಪುಣ್ಯವಂತರು. ಅದಕ್ಕೆ ಮುಖ್ಯ ಆಹಾರ ಹುಲ್ಲು, ಹಗಲು-ರಾತ್ರಿ ಮುಂದೆ ಇರಲೇಬೇಕು. ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ, ಹುಲ್ಲು ಅಗಿದೇ ಸವೆಯಬೇಕು. ಗಣಪತಿಗೆ ಏರಿಸುವ ಕರಿಕೆ ಇದೆಯಲ್ಲ, ಅದು ಬಹಳ ಒಳ್ಳೆಯದು. ವಾಹನಕ್ಕೂ ಅದೇ ರುಚಿ ನೋಡಿ! ಆದರೆ ಕಬ್ಬಿನ ಬದುವಿನ ಹುಲ್ಲು ಕಿತ್ತು ತರುವ ಮೊದಲು ಕಳೆನಾಶಕ ಹೊಡೆದಿದ್ದಾರೋ ಕೇಳಿಕೊಳ್ಳಿ. ಎಳೆ ಜೋಳದ ಚಿಗುರು ದನಕ್ಕೇ ವಿಷ, ಇದಕ್ಕೆ ಕೇಳಬೇಕೇ. ಕುದುರೆ ಮಸಾಲೆ ಹುಲ್ಲು ಮರಿಗಳಿಗೂ ಬಸಿರಿಗೂ ಸರಿ, ದೊಡ್ಡವಕ್ಕೆ ದಿನಾ ಹಾಕಿದರೆ ಮೂತ್ರದಲ್ಲಿ ಹರಳಾಗುತ್ತದೆ.

ಇನ್ನೊಂದು ಸಂಗತಿ. ನಮ್ಮ ಹಾಗೆ ಅದರ ಮೈಯೂ ಸಿ ಜೀವಸತ್ವ ತಾನೇ ಮಾಡಿಕೊಳ್ಳಲಾರದು. ಅದು ಸಿಗದಿದ್ದರೆ ಕೀಲು ಬಾತು, ವಸಡಿನಲ್ಲಿ ರಕ್ತ ಬಂದು ಸೊರಗುತ್ತದೆ. ಆದ್ದರಿಂದ ದಿನಾ ಒಂದು ಹೋಳು ಹಸಿ ದೊಣ್ಣಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಕೊಡಿ. ನಾವು ಒಗೆಯುವ ಕೊತ್ತಂಬರಿ ದಂಟು ಅದಕ್ಕೆ ಹಬ್ಬದೂಟ. ಪೇರಲ ಹಣ್ಣು, ಗಜ್ಜರಿ ಸಿಹಿಯಾದ್ದರಿಂದ ಚೂರೇ ಚೂರು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟೆ, ಉಳಿದ ರೊಟ್ಟಿ, ಬಿಸ್ಕೀಟು ಬೇಡವೇ ಬೇಡ. ನಿಪ್ಪಾಣಿ ಕಡೆಯ ಸೋದರಿಯರಿಗೆ ಒಂದು ಮಾತು: ಮನೆಯಲ್ಲಿ ತಂಬಾಕು, ಬೀಡಿ ಕಟ್ಟುವ ಮೊರ ಇದ್ದರೆ ಪಂಜರ ಆ ಖೋಲಿಯಲ್ಲಿ ಇಡಬೇಡಿ. ತಂಬಾಕಿನ ಒಂದೆಲೆ ಅದರ ಜೀವ ತೆಗೆದೀತು. ಇಡೀ ದಿನ ಏನೂ ತಿನ್ನದೆ ಮೂಲೆ ಹಿಡಿದರೆ ನಾಳೆ ನೋಡೋಣ ಎನ್ನದೆ ಡಾಕ್ಟರ ಹತ್ತಿರ ಒಯ್ಯಬೇಕು. ನಮ್ಮ ತಾಲೂಕುಗಳ ಪಶು ಆಸ್ಪತ್ರೆಗೆ ಬರುವುದು ಹೆಚ್ಚಾಗಿ ಆಕಳು, ಎಮ್ಮೆ, ಆಡು. ಇಂಥದ್ದನ್ನು ನೋಡುವ ಡಾಕ್ಟರು ಬೆಳಗಾವಿಯಲ್ಲೋ ಕೊಲ್ಹಾಪುರದಲ್ಲೋ ಯಾರಿದ್ದಾರೆ ಎಂದು ತರುವ ಮೊದಲೇ ವಿಚಾರಿಸಿ.

ಬಿಸಿಲಿನ ಮಾತು ಮತ್ತೆ ಹೇಳುತ್ತೇನೆ, ಬೇಸರಪಡಬೇಡಿ. ಗಿನಿಪಿಗ್‌ಗೂ ಮೂವತ್ತು ಡಿಗ್ರಿ ದಾಟಿದರೆ ಅಪಾಯ. ಅಥಣಿ, ಕಾಗವಾಡದ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ನಲವತ್ತರ ಹತ್ತಿರ ಹೋಗುತ್ತದೆ. ತಗಡಿನ ಖೋಲಿ ಬೇಡ, ಮಹಡಿ ಬೇಡ. ಕೆಳಗೆ, ಶಹಾಬಾದ ಫರಸಿಯ ನೆಲದ ಮೇಲೆ, ಗಾಳಿ ಆಡುವ ಕಡೆ ಇಡಿ. ಎರಡಕ್ಕೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಜಾಗ ಬೇಕು. ಅಂಗಡಿಯಲ್ಲಿ ತೋರಿಸುವ ಪುಟ್ಟ ಪಂಜರ ನೋಡಿ ಮರುಳಾಗಬೇಡಿ. ನಾನು ಮಧ್ಯಾಹ್ನ ಪಂಜರದ ಒಂದು ಬದಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟು, ಒಳಗೆ ತಣ್ಣೀರಲ್ಲಿ ನೆನೆಸಿದ ಹಂಚು ಇಡುತ್ತೇನೆ. ಕರೆಂಟು ಹೋದರೂ ಹಂಚು ತಣ್ಣಗಿರುತ್ತದೆ. ಅದರ ಮೇಲೆ ಎರಡೂ ಹೊಟ್ಟೆ ಹಚ್ಚಿ ಮಲಗುತ್ತವೆ.

ಕಟ್ಟಿಗೆ ಅಡ್ಡೆಯ ಹೊಟ್ಟು ಹಾಸಬೇಡಿ, ಧೂಳಿಗೆ ಉಸಿರು ಕಟ್ಟುತ್ತದೆ. ಹಳೆಯ ಪೇಪರು, ಮೇಲೆ ಹಳೆಯ ನೂಲಿನ ಸೀರೆಯ ತುಂಡು ಸಾಕು. ದಿನಾ ಬದಲಿಸಬೇಕು, ಇಲ್ಲದಿದ್ದರೆ ಮನೆ ನಾರುತ್ತದೆ. ಯಾರು ಬದಲಿಸುತ್ತಾರೆ ಎಂದು ಕೇಳಿದಿರಾ? ಮೊದಲ ತಿಂಗಳು ಮಗ. ಆಮೇಲೆ ನಾನು. ಇದನ್ನೂ ಲೆಕ್ಕ ಹಾಕಿಯೇ ಹೂಂ ಅನ್ನಿ. ರಾತ್ರಿ ಉಳಿದ ತಿಂಡಿ ತೆಗೆದುಬಿಡಿ, ಅದರ ವಾಸನೆಗೆ ಹೊರಗಿನ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಹೊರಗಿನ ಇಲಿಯ ಮೂತ್ರದಿಂದ ಇಲಿಜ್ವರ ಬರುವುದುಂಟು. 2019ರಲ್ಲಿ ಕೃಷ್ಣೆ ತುಂಬಿ ಬಂದು ನಮ್ಮ ಈ ತಾಲೂಕುಗಳ ಊರುಗಳಿಗೆ ನೀರು ಹೊಕ್ಕಿದ್ದನ್ನು ಕಂಡವರಿಗೆ ಅಂಥ ನೀರಿನ ಭಯ ಗೊತ್ತು. ಮಗು ಮುಟ್ಟಿದಾಗಲೆಲ್ಲ ಸಾಬೂನಿನಿಂದ ಕೈ ತೊಳೆಯಲಿ. ಐದು ವರ್ಷದ ಒಳಗಿನ ಮಗು ಮನೆಯಲ್ಲಿದ್ದರೆ, ದಮ್ಮಿನ ತ್ರಾಸು ಯಾರಿಗಾದರೂ ಇದ್ದರೆ ಈ ಹಂಬಲವನ್ನು ಸದ್ಯ ಬಿಟ್ಟುಬಿಡಿ.

ನಮ್ಮ ಅತ್ತೆಯವರು? ಫ್ರಿಜ್ಜಿನ ಬಾಗಿಲು ತೆಗೆದ ಸಪ್ಪಳಕ್ಕೆ ಅವೆರಡೂ ಸಿಳ್ಳೆ ಹೊಡೆದ ಹಾಗೆ ಕೂಗುತ್ತವೆ. "ನನ್ನ ಮಕ್ಕಳೂ ಹಿಂಗ ಹಸದ ಕರದಿಲ್ಲ" ಎನ್ನುತ್ತ ಈಗ ಕೊತ್ತಂಬರಿ ದಂಟು ಹಾಕುವವರು ಅವರೇ. ಪಂಜರ ಪಡಸಾಲೆಯಲ್ಲೇ ಇದೆ.

ಆದ್ದರಿಂದ ರಾಯಬಾಗದ ಸೋದರೀ, ಈಗ ಬೇಸಿಗೆಯ ಬಾಗಿಲಲ್ಲಿ ತರಬೇಡಿ. ಮಿರಗದ ಮಳೆ ಬೀಳಲಿ. ಅಲ್ಲಿಯವರೆಗೆ ದಿನಾ ಒಂದು ಹಿಡಿ ಕರಿಕೆ ಕಿತ್ತು ತಂದು ಒಂದು ಬುಟ್ಟಿಯಲ್ಲಿ ಹಾಕಿಡಲು ಮಗನಿಗೆ ಹೇಳಿ. ನಾಲ್ಕು ತಿಂಗಳು ತಪ್ಪದೆ ತಂದರೆ ಕೊಡಿಸಿ. ನಡುವೆ ಬಿಟ್ಟರೆ ಆಕಳಿಗಾದರೂ ಹುಲ್ಲು ಸಿಕ್ಕಿತು. ಮುಂದೆ ಎಂದಾದರೂ ಅದು ಸತ್ತರೆ ಅವನನ್ನು ಕರೆದು ತೋರಿಸಿ, ಕುಣಿಯನ್ನು ಅವನೇ ತೋಡಲಿ. ನಮ್ಮಲ್ಲಿ ಹೋದ ವರ್ಷ ಹಿರಿಯದು ಮುಪ್ಪಾಗಿ ಹೋಯಿತು. ಮಗ ಕರಿಬೇವಿನ ಬುಡದಲ್ಲೇ ತೋಡಿದ. ತೋಡುವ ಮೊದಲು ನನ್ನ ಕಡೆ ನೋಡಿ, "ಅದು ಯಾ ಕಡೆ ಐತಿ?" ಎಂದ. ಕೈ ಮಾಡಿ ತೋರಿಸಿದೆ. ಆ ಜಾಗ ಬಿಟ್ಟು ಈಚೆ ಬದಿಗೆ ತೋಡಿದ.

ಮುಂದಿನ ಸಂಚಿಕೆಯಲ್ಲಿ ಜೋಳದ ಹಪ್ಪಳ, ಸಾಬುದಾಣಿ ಸಂಡಿಗೆ. ಅಥಣಿಯಿಂದ ಮೂವರು ಕೇಳಿದ್ದಾರೆ.