ರೋಮಿನ ಬೆಕ್ಕೂ ನಮ್ಮ ಗೋಣಿಚೀಲವೂ

ಕುಮಟೆಯ ನಮ್ಮ ಭಾವನವರು ಯುರೋಪ್ ಟೂರ್ ಮುಗಿಸಿ ಬಂದವರು ಊರಿನ ರೈಲು ಹಿಡಿಯುವ ಮೊದಲು ಡೊಂಬಿವಲಿಯ ನಮ್ಮ ಮನೆಯಲ್ಲಿ ಎರಡು ದಿನ ಇದ್ದರು. ಹದಿನಾಲ್ಕು ದಿನಕ್ಕೆ ಎಂಟು ದೇಶ. ಕಾಲು ದಣಿದಿತ್ತು, ಬಾಯಿ ದಣಿದಿರಲಿಲ್ಲ. ಮೊಬೈಲಿನಲ್ಲಿ ರೋಮಿನ ಫೋಟೋ ತೋರಿಸುತ್ತ, "ನೋಡೋ, ಎರಡು ಸಾವಿರ ವರ್ಷದ ಹಿಂದಿನ ದೇವಸ್ಥಾನದ ಕಂಬದ ಮೇಲೆ ಬೆಕ್ಕು ಮಲಗಿದೆ. ಯಾರೂ ಓಡಿಸೂದಿಲ್ಲ. ಸಂಸ್ಕೃತಿ ಅಂದ್ರೆ ಅದು. ನಿಮ್ಮ ಮುಂಬಯಿಯವರಿಗೆ ಎಲ್ಲಿಂದ ಬರಬೇಕು!" ಅಂದರು. ಮೂವತ್ತೊಂದು ವರ್ಷದಿಂದ ಇಲ್ಲಿರುವ ನಾನು ಇಲ್ಲಿಯವರಿಗೆ ಇನ್ನೂ ಮದ್ರಾಸಿ. ಬೈಯುವಾಗ ಮಾತ್ರ ಊರಿನವರಿಗೆ ನಾನು ಪಕ್ಕಾ ಮುಂಬಯಿಯವ. ಅದಿರಲಿ.

ಆ ಜಾಗ ನನಗೆ ಗೊತ್ತು. ಮಗಳು ಮಿಲಾನಿನಲ್ಲಿ ಓದುತ್ತಿದ್ದಾಗ, 2019ರಲ್ಲಿ, ಅವಳ ಜತೆ ರೋಮಿಗೆ ಹೋಗಿದ್ದೆ. ಲಾರ್ಗೋ ಡಿ ಟೊರ್ರೆ ಅರ್ಜೆಂಟೀನಾ ಎಂಬ ಚೌಕ. ಸುತ್ತಲೂ ಬಸ್ಸು, ಟ್ಯಾಕ್ಸಿ, ಹಾರ್ನು. ನಡುವೆ ರಸ್ತೆಯಿಂದ ಸಾಕಷ್ಟು ಕೆಳಗೆ ನಾಲ್ಕು ದೇವಾಲಯಗಳ ಅವಶೇಷ. 1920ರ ದಶಕದಲ್ಲಿ ಹಳೆಯ ಕಟ್ಟಡಗಳನ್ನು ಒಡೆದಾಗ ಸಿಕ್ಕಿದ್ದು. ಕ್ರಿ.ಪೂ. 44ರಲ್ಲಿ ಸೀಸರನನ್ನು ಇರಿದು ಕೊಂದದ್ದು ಇದಕ್ಕೆ ಅಂಟಿಕೊಂಡ ಸಭಾಭವನದಲ್ಲಿ. ನಾನು ಹೋದಾಗ ಅವಶೇಷಗಳ ನಡುವೆ ಮನುಷ್ಯರಿಗೆ ಪ್ರವೇಶವಿರಲಿಲ್ಲ, ಬೆಕ್ಕುಗಳಿಗಿತ್ತು. ಒಂದು ಮೂಲೆಯಲ್ಲಿ ಮೆಟ್ಟಿಲಿಳಿದು ಹೋದರೆ ನೆಲಮಾಳಿಗೆಯಂಥ ಕೋಣೆಗಳಲ್ಲಿ ಬೆಕ್ಕುಗಳ ಆಶ್ರಯ. ಅಲ್ಲಿಗೆ ಯಾರು ಬೇಕಾದರೂ ಹೋಗಬಹುದು.

ಭಾವನವರು ಮೇಲಿನ ಕಟಕಟೆಗೆ ಒರಗಿ ಫೋಟೋ ತೆಗೆದಿದ್ದಾರೆ, ಕೆಳಗೆ ಇಳಿದಿಲ್ಲ. ನನ್ನ ಜಗಳ ಇರುವುದು ಇಲ್ಲಿಯೇ.

ಕೆಳಗೆ ಇಳಿದಿದ್ದರೆ ಫಿನಾಯಿಲಿನ ವಾಸನೆ ಬಡಿಯುತ್ತಿತ್ತು. ಕಣ್ಣಿಲ್ಲದ ಬೆಕ್ಕು, ಮೂರು ಕಾಲಿನ ಬೆಕ್ಕು ಕಾಣುತ್ತಿದ್ದವು. ನನ್ನ ತಾಯಿಯ ವಯಸ್ಸಿನ ಹೆಂಗಸೊಬ್ಬಳು ಬೆಕ್ಕಿನ ಹೇಸಿಗೆಯ ತಟ್ಟೆಗಳನ್ನು ಒಂದಾದ ಮೇಲೊಂದು ತೊಳೆಯುತ್ತಿದ್ದಳು. ಸಂಬಳವಿಲ್ಲ. ಇಂಥವರಿಗೆ ಅಲ್ಲಿ ಗತ್ತಾರೆ ಅನ್ನುತ್ತಾರೆ, ಬೆಕ್ಕಿನ ಹೆಂಗಸರು ಅಂತ; ಹೇಳುವ ಧಾಟಿಯಲ್ಲಿ ಸ್ವಲ್ಪ ಗೇಲಿಯೂ ಇರುತ್ತದೆ. ಇಷ್ಟು ಬೆಕ್ಕು ಎಲ್ಲಿಂದ ಬಂದವು ಎಂದು ಮಗಳ ಮೂಲಕ ಕೇಳಿಸಿದೆ. ಆಕೆ ತಲೆಯೆತ್ತದೆ ಮೇಲಿನ ರಸ್ತೆಯತ್ತ ಕೈ ತೋರಿಸಿದಳು. ರೋಮಿನವರೇ ತಂದು ಬಿಟ್ಟು ಹೋಗುತ್ತಾರೆ. ಬೇಸಿಗೆಯ ರಜೆಗೆ ಊರು ಬಿಡುವಾಗ ಇನ್ನೂ ಹೆಚ್ಚು. ಭಾವನವರು ಕಂಡ ಸಂಸ್ಕೃತಿಯ ಬುಡ ಇದು. ಆ ಸಂಸ್ಕೃತಿ ಅಷ್ಟು ಗಟ್ಟಿಯಾಗಿದ್ದರೆ, ಸಾಕಿದ ಪ್ರಾಣಿಯನ್ನು ಬೀದಿಗೆ ಬಿಟ್ಟವರಿಗೆ ಒಂದು ವರ್ಷದವರೆಗೆ ಸೆರೆ, ಇಲ್ಲವೇ 1,000ದಿಂದ 10,000 ಯೂರೋ ದಂಡ ಎಂದು 2004ರಲ್ಲಿ ಕಾನೂನು ಮಾಡುವ ಗರಜು ಇಟಲಿಗೆ ಏನಿತ್ತು?

ಹಾಗಾದರೆ ಆ ಬೆಕ್ಕು ಕಂಬದ ಮೇಲೆ ನಿಶ್ಚಿಂತೆಯಾಗಿ ಮಲಗಿದ್ದು ಹೇಗೆ? 1991ರ 281ನೇ ಕಾನೂನು ಅಂತ ಒಂದಿದೆ. ಬೀದಿಯ ಬೆಕ್ಕನ್ನು ಹಿಂಸಿಸುವ ಹಾಗಿಲ್ಲ. ವಾಸಿಯಾಗದ ರೋಗವೋ ತೀರಾ ನರಳಾಟವೋ ಇಲ್ಲದೆ ಕೊಲ್ಲುವ ಹಾಗಿಲ್ಲ. ಸರಕಾರಿ ಆರೋಗ್ಯ ಇಲಾಖೆ ಅದಕ್ಕೆ ಸಂತಾನಹರಣ ಮಾಡಿಸಿ, ಹಿಡಿದ ಗುಂಪಿಗೇ ವಾಪಸು ಬಿಡಬೇಕು. ಗುಂಪನ್ನು ನೋಡಿಕೊಳ್ಳುವ ಸಂಘಗಳು ಇಲಾಖೆಯ ಜತೆ ಒಪ್ಪಂದ ಮಾಡಿಕೊಳ್ಳಬಹುದು. ಇಷ್ಟೇ. ಕರುಣೆ ಎಂಬ ಶಬ್ದದ ಮೇಲೆ ಇದು ನಿಂತಿಲ್ಲ. ಆಪರೇಷನ್ನು, ಲೆಕ್ಕ, ಜವಾಬ್ದಾರಿಯ ಮೇಲೆ ನಿಂತಿದೆ.

2012ರಲ್ಲಿ ಪುರಾತತ್ತ್ವದವರು ಆ ಆಶ್ರಯ ಅಕ್ರಮ, ತೆರವು ಮಾಡಿ ಎಂದರು. ಅವರದ್ದು ಪೂರ್ತಿ ತಪ್ಪು ಅಂತ ನಾನು ಹೇಳಲಾರೆ. ಪ್ರಾಚೀನ ಗೋಡೆಗೆ ತಾಗಿ ನಲ್ಲಿ, ಕಪಾಟು ಕೂಡಿಸಿದರೆ ನಮ್ಮ ಹಂಪಿಯಲ್ಲಾದರೂ ಸುಮ್ಮನಿರುತ್ತಾರೆಯೇ? ಆದರೆ ಹೆಂಗಸರು ಕದಲಲಿಲ್ಲ, ಜನ ಅವರ ಬೆನ್ನಿಗೆ ನಿಂತರು. 2023ರ ಜೂನಿನಲ್ಲಿ ಅಲ್ಲಿ ಕಾಲುಹಾದಿ ಮಾಡಿ ಪ್ರವಾಸಿಗರಿಗೂ ತೆರೆದರು. ಬೆಕ್ಕುಗಳು ಅಲ್ಲಿಯೇ ಉಳಿದವು. ಆ ಕಾಲುಹಾದಿಯಿಂದಾಗಿಯೇ ಭಾವನವರ ಬಸ್ಸೂ ಅಲ್ಲಿ ನಿಂತದ್ದು.

ಈಗ ಗೋಣಿಚೀಲದ ಮಾತು. ನಾನು ಹರಿಶ್ಚಂದ್ರನೇನಲ್ಲ. 2022ರಲ್ಲಿ ನಮ್ಮ ಸೊಸೈಟಿಯಲ್ಲಿ ಬೆಕ್ಕು ಹನ್ನೊಂದಾದವು. ಮೂರನೇ ಮಹಡಿಯವರು ಪುಣ್ಯಕ್ಕೆಂದು ಬಾಲ್ಕನಿಯಿಂದ ಹಾಲನ್ನ, ಮೀನಿನ ತಲೆ ಎಸೆಯುವರು; ಮರಿಗಳು ಕಾರಿನಡಿ ಸತ್ತರೆ ಬಾಗಿಲು ಹಾಕಿಕೊಳ್ಳುವರು. ಸಭೆಯಲ್ಲಿ ಠರಾವಾಯಿತು. ಖಜಾಂಚಿ ನಾನು. ಚೀಲ ತಂದವನಿಗೆ ಆರು ನೂರು ರೂಪಾಯಿ ಎಣಿಸಿ ಕೊಟ್ಟು ವೌಚರಿಗೆ ಸಹಿ ಹಾಕಿದೆ. ರೋಮಿನ ಆ ಮೆಟ್ಟಿಲು ಇಳಿದು ಬಂದ ಮೂರು ವರ್ಷಕ್ಕೆ! ಖಾಡಿಯ ಆಚೆ ಬಿಡುತ್ತೇನೆಂದ. ಬಿಟ್ಟನೋ, ಮುಳುಗಿಸಿದನೋ, ನಾನು ಕೇಳಲಿಲ್ಲ. ನಾಲ್ಕು ತಿಂಗಳಲ್ಲಿ ಬೇರೆ ಬೆಕ್ಕು ಬಂದವು. ಕಸದ ಡಬ್ಬಿ ಅಲ್ಲೇ ಇತ್ತಲ್ಲ, ಬಾಲ್ಕನಿಯೂ ಅಲ್ಲೇ ಇತ್ತು.

ಇದನ್ನು ಹೇಳಿದರೆ ಭಾವನವರು, "ಛೆ, ಮುಂಬಯಿ!" ಅಂದರು. ಅಕ್ಕನ ಮದುವೆಯಾದ ಹೊಸತರಲ್ಲಿ ಇದೇ ಭಾವನವರು ಮರಿಗಳನ್ನು ಚೀಲಕ್ಕೆ ತುಂಬಿ ಸೈಕಲ್ಲಿನ ಮೇಲೆ ಮೀನುಪೇಟೆಗೆ ಬಿಟ್ಟು ಬಂದದ್ದನ್ನು ನೆನಪಿಸಿದೆ. ಹಿಂದೆ ಕೂತು ಚೀಲ ಹಿಡಿದವನು ನಾನು. "ಅದು ಬೇರೆ ಮಾರಾಯಾ," ಅಂದರು. ಹೇಗೆ ಬೇರೆ, ಹೇಳಲಿಲ್ಲ. ಬೆಕ್ಕಿಲ್ಲದ ಊರು ಯಾವುದು ಹೇಳಿ, ಕುಮಟೆಯೋ, ಶಿರಸಿಯೋ, ದಾವಣಗೆರೆಯೋ? ಚೀಲವಿಲ್ಲದ ಊರು? ರೋಮಿನ ಫೋಟೋಕ್ಕೆ ಕೈ ಮುಗಿಯುವ ಮೊದಲು ನಿಮ್ಮ ಪುರಸಭೆಗೆ ಹೋಗಿ, ಹೆಣ್ಣು ಬೆಕ್ಕಿಗೆ ಆಪರೇಷನ್ ಮಾಡಿಸಲು ಏನು ವ್ಯವಸ್ಥೆ ಇದೆ ಎಂದು ಒಂದು ಸಲ ಕೇಳಿ ನೋಡಿ. "ಬೆಕ್ಕಿಗೇ?" ಎಂದು ಗುಮಾಸ್ತರು ನಗುತ್ತಾರೆ. ನಗಲಿ, ಅರ್ಜಿ ಕೊಟ್ಟು ಬನ್ನಿ.

ನಮ್ಮಲ್ಲಿ ಈಗ ಎದುರು ವಿಂಗಿನ ಕಾಕೂ ಒಬ್ಬರೇ ಊಟ ಹಾಕುವುದು, ರಾತ್ರಿ ಎಂಟಕ್ಕೆ, ವಾಚ್‌ಮನ್ ಕೋಣೆಯ ಹಿಂದೆ. ತಟ್ಟೆಯನ್ನೂ ಅವರೇ ತೊಳೆಯುತ್ತಾರೆ. ವರ್ಗಣಿ ಎತ್ತಿ ಮೂರು ಹೆಣ್ಣು ಬೆಕ್ಕಿಗೆ ಆಪರೇಷನ್ ಮಾಡಿಸಿದ್ದೇವೆ, ಗುರುತಿಗೆ ಕಿವಿಯ ತುದಿ ಕತ್ತರಿಸಿದ್ದಾರೆ. ಎರಡು ಬಾಕಿ. ಕಳೆದ ಸಭೆಯಲ್ಲಿ ಚೀಲದ ಮಾತು ಮತ್ತೆ ಬಂತು. ನಾನು ಎದ್ದು ನಿಂತು ನನ್ನ ಹಳೆಯ ವೌಚರನ್ನು ಓದಿದೆ. ಒಂಬತ್ತಕ್ಕೆ ಹನ್ನೊಂದು ಮತದಲ್ಲಿ ಒಂದು ವರ್ಷದ ವಾಯಿದೆ ಸಿಕ್ಕಿದೆ.