ಗರ್ಭಗುಡಿಗೆ ತುತ್ತೂರಿ ಬೇಕಿಲ್ಲ

ಪಾಶ್ಚಾತ್ಯ ಆರ್ಕೆಸ್ಟ್ರಾ ನಮ್ಮ ದೇವಸ್ಥಾನಕ್ಕೆ ಕೈಹಾಕಿದಾಗಲೆಲ್ಲ ಅದೇ ಜಗಳ. ಒಬ್ಬರಿಗೆ ಅದು ಅಪಚಾರ, ಇನ್ನೊಬ್ಬರ ಪ್ರಕಾರ ಕಲೆಗೆ ಗಡಿಯೇ ಇಲ್ಲ. 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಂಗವೇರಿದ ‘ಲಾ ಬಾಯಾದೇರ್’ ಬ್ಯಾಲೆಯ ದೇವದಾಸಿ, ಅರ್ಚಕರ ಚಿತ್ರಣದ ವಿರುದ್ಧ ಅಮೆರಿಕದಲ್ಲಿ ಹಿಂದೂ ಮುಖಂಡರು ಹಲವು ಸಲ ಪ್ರತಿಭಟಿಸಿದ್ದಾರೆ. ಆ ಸಿಟ್ಟು ನ್ಯಾಯವೇ. ಆದರೆ ಗುಡಿಯ ಹೆಸರು ಹೊತ್ತ ಪ್ರತಿ ಕೃತಿಯ ಮೇಲೂ ಅದೇ ದೂರು ಹೊರಿಸಿದರೆ, ಸಂಗೀತವನ್ನು ಕೇಳುವವರು ಯಾರು?

ಫ್ರಾನ್ಸಿನ ಸಂಯೋಜಕ ಆಲ್ಬರ್ಟ್ ರೂಸೆಲ್ 1909ರಲ್ಲಿ ಮಡದಿಯೊಂದಿಗೆ ಭಾರತಕ್ಕೆ ಬಂದಿದ್ದರು. ಅವರ ‘ಎವೊಕಾಸಿಯಾನ್’ ಕೃತಿಯ ಮೊದಲ ಭಾಗ ಹುಟ್ಟಿದ್ದು ಎಲ್ಲೋರದ ಗುಹೆಗಳಿಂದ. ರಾಷ್ಟ್ರಕೂಟ ಕೃಷ್ಣನ ಕೈಲಾಸ ಇರುವುದು ಅಲ್ಲೇ. ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ, ಬೇಡದ್ದನ್ನು ತೆಗೆಯುತ್ತ ಮಾಡಿದ ಗುಡಿ ಅದು. ರೂಸೆಲ್‌ಗೆ ಮಾತ್ರ ದೇಶ ಮಸುಕಾಗಿದ್ದರೇ ಚೆಂದ. ಭಾರತವೋ ಟಿಬೆಟ್ಟೋ ಪರ್ಷಿಯಾವೋ, ಯಾವುದಾದರೂ ಆದೀತು ಎಂಬ ಧಾಟಿಯಲ್ಲಿ ಬರೆದಿದ್ದರು. ನನ್ನ ತಕರಾರು ಇದಕ್ಕೇ ಹೊರತು ಅವರ ಹುಟ್ಟಿಗಲ್ಲ. ಹುಟ್ಟಿನಿಂದ ಹಿಂದೂ ಆದವರೂ ಇಂಥದ್ದನ್ನೇ ಮಾಡುತ್ತಾರೆ: ನಾಲ್ಕು ಗಂಟೆ, ಒಂದು ತಂಬೂರಿ, ಕೋರಸ್‌ನಲ್ಲಿ ಶ್ಲೋಕ, ಕೊನೆಗೆ ಹಿತ್ತಾಳೆ ವಾದ್ಯಗಳ ಅಬ್ಬರ. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ, ನಾವೂ ಹೆಮ್ಮೆ ಪಡುತ್ತೇವೆ.

ಬೇಲೂರಿನ ಕೇಶವ ಗುಡಿಯನ್ನು ಒಳಹೊಕ್ಕು ನೋಡಿ. ಹೊರಗೋಡೆಯಲ್ಲಿ ಆನೆಗಳ ಸಾಲು, ಮೇಲೆ ಮದನಿಕೆಯರು, ಕಣ್ಣಿಗೆ ಬಿಡುವೇ ಇಲ್ಲ. ಬಾಗಿಲು ದಾಟಿದರೆ ಜಾಲಂಧ್ರದಿಂದ ಸೋಸಿ ಬರುವ ಬೆಳಕು, ಕಡೆದ ಕಂಬಗಳ ನವರಂಗ. ಮುಂದೆ ಸುಕನಾಸಿಯಲ್ಲಿ ಇನ್ನಷ್ಟು ಮಬ್ಬು. ಗರ್ಭಗುಡಿಯಲ್ಲಿ ಕತ್ತಲು, ದೀಪ, ಕೇಶವ. ಜಾಗ ಕಿರಿದಾಗುತ್ತ, ಬೆಳಕು ಇಳಿಯುತ್ತ ಹೋದಂತೆ ದೇವರು ಹತ್ತಿರವಾಗುತ್ತಾನೆ. ನಮ್ಮ ‘ದೇಗುಲ ಸಿಂಫನಿ’ಗಳು ಓಡುವುದು ಇದಕ್ಕೆ ತದ್ವಿರುದ್ಧ ದಿಕ್ಕಿಗೆ. ಅವು ಗುಡಿಯ ಒಳಗೆ ಹೋಗುವುದೇ ಇಲ್ಲ, ರಥಬೀದಿಯಲ್ಲೇ ಉಳಿಯುತ್ತವೆ.

ಇಂಗ್ಲೆಂಡಿನ ಸಂಯೋಜಕ ಜೊನಾಥನ್ ಹಾರ್ವೆಯ ‘ಭಕ್ತಿ’ (1982) ದೇವಸ್ಥಾನದ ಹೆಸರೆತ್ತುವುದಿಲ್ಲ, ಅದು ಪೂರ್ಣ ಆರ್ಕೆಸ್ಟ್ರಾವೂ ಅಲ್ಲ. ಹದಿನೈದು ವಾದಕರು, ಒಂದು ಧ್ವನಿಟೇಪು. ಋಗ್ವೇದದ ಸಾಲುಗಳು ಸ್ವರಲಿಪಿಯಲ್ಲಿವೆ, ವೇದಿಕೆಯಲ್ಲಿ ಹಾಡುವವರಿಲ್ಲ. ಒಂದೇ ಸ್ವರವನ್ನು ಬಗೆಬಗೆಯ ಬಣ್ಣದಲ್ಲಿ ತೋರಿಸುತ್ತ ಶುರುವಾಗುವ ಆ ಸಂಗೀತದ ಸಂಯಮ ನನಗೆ ಗರ್ಭಗುಡಿಗೆ ಹೆಚ್ಚು ಹತ್ತಿರ ಎನಿಸುತ್ತದೆ. ಇದನ್ನೂ ಅಪಚಾರ ಎನ್ನುವವರೊಡನೆ ನನಗೆ ವಾದವಿಲ್ಲ.

ದೇವಸ್ಥಾನದ ಹೆಸರಿನಲ್ಲಿ ಕೃತಿ ಬರೆಸಲು ಹೊರಟ ಅಕಾಡೆಮಿಗಳಿಗೆ, ಟ್ರಸ್ಟ್‌ಗಳಿಗೆ ಒಂದೇ ವಿನಂತಿ: ಸಂಯೋಜಕರ ಕುಲಗೋತ್ರ ವಿಚಾರಿಸಬೇಡಿ. ಮುಂಗಡ ಕೊಡುವ ಮೊದಲು ಅವರನ್ನು ಬೇಲೂರಿಗೆ ಕಳಿಸಿ, ಬೆಳಗಿನ ಪೂಜೆಯಿಂದ ರಾತ್ರಿ ಬಾಗಿಲು ಹಾಕುವವರೆಗೆ ನವರಂಗದಲ್ಲಿ ಸುಮ್ಮನೆ ಕೂರಿಸಿ.